ಲಂಡನ್ ಮನೆಯ ತಾಮ್ರದ ಹಂಡೆ

ಗುಜರಿ ಬಗ್ಗೆ ಲೇಖನವೇ ಅಂತ ಮೂಗು ಮುರಿಯಬೇಡಿ! ನಮ್ಮ ಬಳಗದ ಪತ್ರಿಕೆಯಲ್ಲಿ ಯುಗಾದಿ, ದೀಪಾವಳಿ, ರಾಜ್ಯೋತ್ಸವ, ಮಕ್ಕಳ ಕನ್ನಡ ಕಲಿಕೆ ಎಲ್ಲಾ ಬಂದಾಯಿತು. ಈ ಸಲ ಸ್ವಲ್ಪ ಕೈ ಕೊಳೆ ಮಾಡಿಕೊಳ್ಳುವ ವಿಷಯ. ಲಂಡನ್ನಿನಲ್ಲಿ ಹಳೆಯ ಮನೆ ಕೊಂಡು, ಅಡಿಗೆಮನೆ ಒಡೆಸಿ, ಬಾಯ್ಲರ್ ಬದಲಾಯಿಸಿ, ಲಾಫ್ಟ್ ಕಟ್ಟಿಸುವ ನಮ್ಮವರ ಸಂಖ್ಯೆ ಸಣ್ಣದಲ್ಲ. ಹೊಸ ಟೈಲ್ಸ್ ಯಾವ ಬಣ್ಣ ಅಂತ ಮೂರು ವಾರಾಂತ್ಯ ಚರ್ಚೆ ಮಾಡುತ್ತೇವೆ. ಆದರೆ ಮನೆಯಿಂದ ಹೊರಗೆ ಹೋಗುವ ಹಳೇ ಸಾಮಾನಿನಲ್ಲಿ ಏನೇನಿತ್ತು, ಅದು ಯಾರ ವ್ಯಾನ್ ಹತ್ತಿತು ಅಂತ ನೋಡುವವರು ಕಡಿಮೆ. ಅದರಲ್ಲಿ ತಾಮ್ರ ಇರುತ್ತದೆ ಸ್ವಾಮಿ. ಅದು ನಿಮ್ಮದು.

ಊರಿನ ಬಚ್ಚಲುಮನೆ ನೆನಪಿಸಿಕೊಳ್ಳಿ. ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ ತಾಮ್ರದ ಹಂಡೆ, ಕೆಳಗೆ ತೆಂಗಿನ ಮಟ್ಟೆಯ ಬೆಂಕಿ. ಇಲ್ಲಿನ ಹಳೇ ಮನೆಗಳಲ್ಲೂ ಹಂಡೆ ಇದೆ, ಆದರೆ ಅದನ್ನು ಮಹಡಿಯ ಮೇಲಿನ ಏರಿಂಗ್ ಕಬರ್ಡಿನಲ್ಲಿ ಬಚ್ಚಿಟ್ಟಿರುತ್ತಾರೆ. ಹಸಿರೋ ಹಳದಿಯೋ ಫೋಮಿನ ಅಂಗಿ ತೊಟ್ಟು ನಿಂತಿರುವ ಆ ಹಾಟ್ ವಾಟರ್ ಸಿಲಿಂಡರ್ ಒಳಗಿನಿಂದ ಸಾಮಾನ್ಯವಾಗಿ ಅಪ್ಪಟ ತಾಮ್ರದ ತಗಡು. (ಇತ್ತೀಚಿನ, ನೇರ ಮೇನ್ಸ್ ಒತ್ತಡದಲ್ಲಿ ಕೆಲಸ ಮಾಡುವ ಸಿಲಿಂಡರುಗಳು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನವು, ಅದು ಬೇರೆ ಮಾತು.) ಕಾಂಬಿ ಬಾಯ್ಲರ್ ಬಂದ ಮೇಲೆ ನೀರು ಕೂಡಿಡುವ ಅಗತ್ಯವೇ ಇಲ್ಲವಾಯಿತು. 2005ರ ಏಪ್ರಿಲ್‌ನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್ ಕಂಡೆನ್ಸಿಂಗ್ ಮಾದರಿಯದೇ ಆಗಬೇಕು ಎಂಬ ನಿಯಮ ಬಂತು. ಬಾಯ್ಲರ್ ಹೇಗೂ ಬದಲಾಯಿಸುವುದಾದರೆ ಕಾಂಬಿಯೇ ಇರಲಿ, ಕಬರ್ಡ್ ಖಾಲಿಯಾಗುತ್ತದೆ ಅಂತ ಎಷ್ಟೋ ಮನೆಗಳ ಹಂಡೆ ಮೆಟ್ಟಿಲಿಳಿಯಿತು. ಇನ್ನೂ ಇಳಿಯುತ್ತಲೇ ಇದೆ.

ಹ್ಯಾರೋ ಕಡೆಯ ಸ್ನೇಹಿತರೊಬ್ಬರ ಮನೆಯಲ್ಲಿ ಈ ಕೆಲಸ ನಡೆದ ದಿನ ನಾನೂ ಅಲ್ಲಿದ್ದೆ. ಅವರ ಅತ್ತೆ ತೀರ್ಥಹಳ್ಳಿ ಕಡೆಯವರು, ಆರು ತಿಂಗಳಿಗೆಂದು ಬಂದಿದ್ದರು. ಇಬ್ಬರು ಸಿಲಿಂಡರನ್ನು ಹೊತ್ತು ಮೆಟ್ಟಿಲಿಳಿಯುವಾಗ ಫೋಮ್ ಕಿತ್ತುಹೋದ ಕಡೆ ಕೆಂಪಗೆ ಹೊಳೆಯಿತು ನೋಡಿ, ಆಕೆ ಕಾಫಿ ಲೋಟ ಕೆಳಗಿಟ್ಟು ಮಗಳನ್ನು ಕರೆದರು.

"ಏನೇ ಇದು, ಹಂಡೆನೇ ಹೊತ್ಕೊಂಡು ಹೋಗ್ತಿದಾರಲ್ಲೇ! ದುಡ್ಡೆಷ್ಟು ಕೊಟ್ರು?"

"ದುಡ್ಡು ಕೊಡ್ತಿರೋದು ನಾವಮ್ಮ. ಹಳೇದು ತಗೊಂಡು ಹೋಗಕ್ಕೆ ಎಂಬತ್ತು ಪೌಂಡು."

"ತಾಮ್ರನೂ ಕೊಟ್ಟು ಮೇಲೆ ದುಡ್ಡೂ ಕೊಡೋದಾ? ಚೆನ್ನಾಗಿದೆ ನಿಮ್ ಲಂಡನ್ನು."

ನಾವೆಲ್ಲ ನಕ್ಕೆವು. ಆದರೆ ಅಲ್ಲಿದ್ದವರಲ್ಲಿ ಲೆಕ್ಕ ಸರಿಯಾಗಿ ಹಾಕಿದ್ದು ಆಕೆಯೊಬ್ಬರೇ. ಅವರ ಕಾಲದಲ್ಲಿ ಸ್ಟೀಲ್ ಪಾತ್ರೆ ಬಂದಾಗ ತಾಮ್ರ ಹಿತ್ತಾಳೆ ತೂಕಕ್ಕೆ ಹಾಕಿ ಚೌಕಾಸಿ ಮಾಡಿದ ಅನುಭವ ಇತ್ತಲ್ಲ. ಎಂಬತ್ತು ಪೌಂಡಿನ ಕಥೆ ಅಲ್ಲಿಗೆ ಮುಗಿಯಲಿಲ್ಲ, ಮುಂದೆ ಹೇಳುತ್ತೇನೆ.

ಎಷ್ಟು ತಾಮ್ರ ಇರುತ್ತದೆ? ಸಾಧಾರಣ ಮನೆಯ, ನೂರಿಪ್ಪತ್ತು ಲೀಟರ್ ಆಸುಪಾಸಿನ ಸಿಲಿಂಡರಿನಲ್ಲಿ ಹತ್ತು-ಹದಿನೈದು ಕಿಲೋ ಎಂದು ಹಿಡಿಯಬಹುದು, ದಪ್ಪ ತಗಡಿನ ಹಳೆಯದಾದರೆ ಇನ್ನೂ ಹೆಚ್ಚು. ನೀರಿನ ಪೈಪುಗಳದು ನಿಖರವಾಗಿ ಹೇಳಬಹುದಾದ ಲೆಕ್ಕ. ಇಲ್ಲಿನ ಮನೆಗಳಲ್ಲಿ ಹೆಚ್ಚಾಗಿ ಎರಡು ಅಳತೆ: 15 ಮಿಲಿಮೀಟರ್ ಮತ್ತು 22 ಮಿಲಿಮೀಟರ್. ಸಾಮಾನ್ಯ ದಪ್ಪದ 15ರ ಪೈಪು ಮೀಟರಿಗೆ ಸುಮಾರು 280 ಗ್ರಾಂ, 22ರದು ಸುಮಾರು 530 ಗ್ರಾಂ. 1970ರ ದಶಕದ ಆರಂಭಕ್ಕಿಂತ ಹಿಂದಿನದಾದರೆ ಅರ್ಧ ಇಂಚು, ಮುಕ್ಕಾಲು ಇಂಚಿನ ಪೈಪುಗಳು ಸಿಗುತ್ತವೆ, ಅವು ಇನ್ನೂ ತೂಕವಾಗಿರುತ್ತವೆ. ಒಂದು ಸೆಮಿ-ಡಿಟ್ಯಾಚ್ಡ್ ಮನೆಯಲ್ಲಿ 30 ಮೀಟರ್ ಸಣ್ಣ ಪೈಪು, 10 ಮೀಟರ್ ದೊಡ್ಡ ಪೈಪು ಕಿತ್ತರೆ 13-14 ಕಿಲೋ ಆಯಿತು. ಸಿಲಿಂಡರಿನ 12 ಸೇರಿಸಿ, 25 ಕಿಲೋ ದಾಟುತ್ತದೆ. ಕಿಲೋಗೆ 5 ಪೌಂಡ್ ಎಂದು ಬರೀ ಲೆಕ್ಕಕ್ಕೆ ಇಟ್ಟುಕೊಂಡರೂ ನೂರಿಪ್ಪತ್ತೈದು ಪೌಂಡ್. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಒಪ್ಪಿದೆ. ಆದರೆ ಬಾಯ್ಲರ್ ಹಾಕುವವನ ಕೊಟೇಶನ್ನಿನಲ್ಲಿ "ಹಳೇ ಸಾಮಾನು ಸಾಗಣೆ" ಎಂಬ ಸಾಲು ಕಂಡರೆ ಕೇಳಲು ಹಿಂಜರಿಯಬೇಡಿ: "ಸಿಲಿಂಡರ್ ಮತ್ತು ತಾಮ್ರದ ಪೈಪು ನಾನು ಇಟ್ಟುಕೊಳ್ಳುತ್ತೇನೆ, ಅಥವಾ ಅದರ ಬೆಲೆ ಇಲ್ಲಿ ಕಳೆಯಿರಿ." ಒಳ್ಳೆಯ ಪ್ಲಂಬರ್ ಯಾರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಭಾರ ಹೊರುವುದು, ವ್ಯಾನ್, ಸಮಯ ಅಂತ ಆತನಿಗೂ ಖರ್ಚಿದೆ. ತಾಮ್ರ ಆತನಿಗೇ ಬಿಟ್ಟು ಸಾಗಣೆ ಖರ್ಚು ಮನ್ನಾ ಮಾಡಿಸಿಕೊಂಡರೂ ನ್ಯಾಯವೇ. ಕೆಲಸ ಶುರುವಾಗುವ ಮೊದಲು ಮಾತಾಗಿರಬೇಕು ಅಷ್ಟೆ. ಬಿಚ್ಚುವ ಕೆಲಸ ಮಾತ್ರ ಅವರಿಗೇ ಬಿಡಿ. ಗ್ಯಾಸಿನ ಪೈಪೂ ತಾಮ್ರದ್ದೇ ಇರುತ್ತದೆ, ನೋಡಲು ನೀರಿನ ಪೈಪಿನ ಹಾಗೇ. ಗ್ಯಾಸ್ ಸೇಫ್ ನೋಂದಣಿ ಇಲ್ಲದವರು ಅದನ್ನು ಮುಟ್ಟಬಾರದು.

ಈಗ ಗುರುತು ಹಿಡಿಯುವ ಬಗೆ. ಹಳೇ ಪೈಪು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಬೆಸುಗೆಯ ಹತ್ತಿರ ಹಸಿರು ಕಿಲುಬು ಕಟ್ಟಿರುತ್ತದೆ. ಒಂದು ಅರದಿಂದ ಉಜ್ಜಿ, ಒಳಗೆ ಗುಲಾಬಿಗೆಂಪು ಕಂಡರೆ ತಾಮ್ರ. ಹಳದಿ ಕಂಡರೆ ಹಿತ್ತಾಳೆ. ಅರ ಇಲ್ಲದಿದ್ದರೆ ನಮ್ಮ ಮನೆಗಳಲ್ಲಿ ಹುಣಸೆಹಣ್ಣಿಗೆ ಬರವೇ? ಚಿಟಿಕೆ ಉಪ್ಪು ಸೇರಿಸಿ ಉಜ್ಜಿದರೆ ಅಜ್ಜಿ ತಂಬಿಗೆ ಬೆಳಗಿದ ಹಾಗೆ ಬಣ್ಣ ಹೊರಬರುತ್ತದೆ. ಆಮೇಲೆ ಅಯಸ್ಕಾಂತ. ತಾಮ್ರ, ಹಿತ್ತಾಳೆ, ಕಂಚು, ಸೀಸ ಯಾವುದಕ್ಕೂ ಅಂಟುವುದಿಲ್ಲ. ಅಂಟಿತೆಂದರೆ ಒಳಗೆ ಕಬ್ಬಿಣ ಇದೆ, ಮೇಲೆ ತಾಮ್ರದ ಲೇಪ ಅಷ್ಟೆ.

ಮಕ್ಕಳ ಜೊತೆ ಒಂದು ಆಟ ಆಡಿ. ಮನೆಯಲ್ಲಿರುವ ಒಂದು ಪೆನ್ನಿ, ಎರಡು ಪೆನ್ಸ್ ನಾಣ್ಯಗಳನ್ನೆಲ್ಲ ಮೇಜಿನ ಮೇಲೆ ಸುರಿದು ಅಯಸ್ಕಾಂತ ಹಿಡಿಯಿರಿ. 1992ರ ಸೆಪ್ಟೆಂಬರ್‌ನಿಂದ ಈ ನಾಣ್ಯಗಳು ತಾಮ್ರ ಲೇಪಿಸಿದ ಉಕ್ಕು, ಹಾಗಾಗಿ ಅಂಟುತ್ತವೆ. ಅದಕ್ಕೆ ಹಿಂದಿನವು ಶೇಕಡಾ 97 ತಾಮ್ರ, ಅಂಟುವುದಿಲ್ಲ. ಹಾಗಂತ ಅವನ್ನು ಗುಜರಿಗೆ ಹಾಕುವ ಯೋಚನೆ ಬೇಡ. ಚಲಾವಣೆಯ ನಾಣ್ಯ ಕರಗಿಸುವುದು 1971ರ ಕಾಯಿನೇಜ್ ಕಾಯಿದೆಯ ಪ್ರಕಾರ ಅಪರಾಧ. ನಮ್ಮ ಮನೆಯಲ್ಲಿ ಈ ಆಟಕ್ಕೆ ಒಂದು ಗಂಟೆ ಹೋಯಿತು, ಹೋಮ್‌ವರ್ಕ್ ಉಳಿಯಿತು.

ಮೋಸ ಹೋಗುವುದು ವೈರಿನಲ್ಲಿ. ಈಚಿನ ಅಗ್ಗದ ಸ್ಪೀಕರ್ ವೈರ್, ನೆಟ್‌ವರ್ಕ್ ಕೇಬಲ್ ಕೆಲವು ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ತೆಳು ಪದರ. ಚಾಕುವಿನಿಂದ ಕೆರೆದರೆ ಬೆಳ್ಳಿ ಬಣ್ಣ ಕಾಣುತ್ತದೆ, ಕೈಯಲ್ಲಿ ಹಿಡಿದರೆ ಹಗುರ. ಇದಕ್ಕೆ ತದ್ವಿರುದ್ಧ ಇನ್ನೊಂದು: ಹಳೇ ಮನೆಗಳ ಕಪ್ಪು ರಬ್ಬರ್ ಹೊದಿಕೆಯ ವೈರ್ ಬಿಡಿಸಿದರೆ ಬೆಳ್ಳಗೆ ಕಾಣುತ್ತದೆ, ಆದರೆ ಕೆರೆದರೆ ಒಳಗೆ ತಾಮ್ರ! ರಬ್ಬರಿನಲ್ಲಿರುವ ಗಂಧಕ ತಾಮ್ರವನ್ನು ತಿನ್ನದಿರಲೆಂದು ತವರದ ಲೇಪ ಕೊಡುತ್ತಿದ್ದರು. ಊರಿನಲ್ಲಿ ಹುಳಿ ತಗುಲದಂತೆ ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುವುದೂ ಇದೇ ತವರದಿಂದ ತಾನೆ. ಸ್ನಾನದ ಮನೆಯ ಹೊಳೆಯುವ ನಲ್ಲಿಗಳು ಹೆಚ್ಚಾಗಿ ಹಿತ್ತಾಳೆ, ಮೇಲೆ ಕ್ರೋಮಿಯಂ. ರೇಡಿಯೇಟರ್ ಬಹುಮಟ್ಟಿಗೆ ಉಕ್ಕು, ಅದಕ್ಕೆ ಆಸೆ ಪಡಬೇಡಿ.

ಎರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ವಿಕ್ಟೋರಿಯನ್ ಕಾಲದ ಮನೆಗಳಲ್ಲಿ ಬೀದಿಯಿಂದ ಒಳಬರುವ ನೀರಿನ ಪೈಪು ಸೀಸದ್ದಿರಬಹುದು: ಬೂದು ಬಣ್ಣ, ಮೆದು, ಉಗುರಿನಲ್ಲಿ ಗೀರಿದರೆ ಹೊಳೆಯುತ್ತದೆ. ಅದು ಕುಡಿಯುವ ನೀರಿಗೆ ವಿಷ, ನೀರಿನ ಕಂಪನಿಗೆ ತಿಳಿಸಿ. ಇನ್ನೊಂದು, ಹಳೇ ಪೈಪು ಅಥವಾ ಸಿಲಿಂಡರಿಗೆ ಬಿಳಿ ಗಾರೆಯಂಥದ್ದೇನಾದರೂ ಸುತ್ತಿದ್ದರೆ ಕೆದಕಬೇಡಿ. ಆಸ್ಬೆಸ್ಟಾಸ್ ಇರಬಹುದು. ಈ ದೇಶದಲ್ಲಿ ಅದು ಪೂರ್ತಿ ನಿಷೇಧವಾದದ್ದು 1999ರಲ್ಲಿ, ಅದಕ್ಕೆ ಮುಂಚಿನ ಮನೆಯಾದರೆ ಪರೀಕ್ಷೆ ಮಾಡಿಸದೆ ಕೈ ಹಾಕಬಾರದು.

ಗುಜರಿ ಯಾರ್ಡಿಗೆ ಹೋದರೆ ಅವರು ತಾಮ್ರಕ್ಕೆ ಒಂದೇ ಬೆಲೆ ಹೇಳುವುದಿಲ್ಲ. ಹೊದಿಕೆ ಸುಲಿದ, ಲೇಪವಿಲ್ಲದ, ಹೊಳೆಯುವ ದಪ್ಪ ತಂತಿಗೆ 'ಬ್ರೈಟ್ ವೈರ್' ಅನ್ನುತ್ತಾರೆ, ಎಲ್ಲಕ್ಕಿಂತ ಹೆಚ್ಚಿನ ಬೆಲೆ ಅದಕ್ಕೆ. ಬೆಸುಗೆ, ಬಣ್ಣ ಏನೂ ಇಲ್ಲದ ಶುದ್ಧ ಪೈಪಿನ ತುಂಡು 'ಹೆವಿ ಕಾಪರ್' ಲೆಕ್ಕಕ್ಕೆ ಬರುತ್ತದೆ. ಬೆಸುಗೆ ಅಂಟಿದ ಪೈಪು, ಸಿಲಿಂಡರ್, ಬಣ್ಣ ಬಳಿದದ್ದು 'ಬ್ರೇಜಿಯರಿ', ಅದಕ್ಕೆ ಸ್ವಲ್ಪ ಕಡಿಮೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಹಿತ್ತಾಳೆ ನಲ್ಲಿಯನ್ನೂ ಸೇರಿಸಿ ಒಯ್ದರೆ ಕೆಳಗಿನ ಬೆಲೆಯೇ ಎಲ್ಲಕ್ಕೂ ಅನ್ವಯ! ಆದ್ದರಿಂದ ಮನೆಯಲ್ಲೇ ಮೂರು ಬಕೆಟ್ ಇಟ್ಟು ಬೇರೆ ಮಾಡುವುದು ಲಾಭ. ಪೈಪಿನ ಬೆಸುಗೆಯ ತುದಿಗಳನ್ನು ಪೈಪ್ ಕಟರಿನಿಂದ ಕತ್ತರಿಸಿದರೆ ಉಳಿದ ಉದ್ದ ಮೇಲಿನ ದರ್ಜೆಗೆ ಹೋಗುತ್ತದೆ. ಸಿಲಿಂಡರಿನ ಫೋಮ್ ಕೆರೆದು ತೆಗೆದಿದ್ದರೆ ಒಳ್ಳೆಯದು. ಲಂಡನ್ನಿನ ನೀರು ಗಡಸು, ಹಂಡೆಯ ತಳದಲ್ಲಿ ಸುಣ್ಣ ಗಟ್ಟಿಯಾಗಿ ಕೂತಿರುತ್ತದೆ. ಅದರ ತೂಕ ಅವರು ಕಳೆಯುತ್ತಾರೆ, ಜಗಳಾಡಿ ಪ್ರಯೋಜನವಿಲ್ಲ.

ವೈರ್ ಸುಲಿಯಬೇಕೇ? ಪ್ಲಗ್ ಸಾಕೆಟ್ಟಿಗೆ ಹಾಕುವ ಸಾಧಾರಣ 2.5ರ ಕೇಬಲಿನಲ್ಲಿ ಮೀಟರಿಗೆ ಸುಮಾರು 58 ಗ್ರಾಂ ತಾಮ್ರ ಇರುತ್ತದೆ. ಒಂದು ಕಿಲೋ ತಾಮ್ರಕ್ಕೆ 17 ಮೀಟರ್ ಸುಲಿಯಬೇಕು. ಟೆಸ್ಟ್ ಮ್ಯಾಚ್ ನೋಡುತ್ತಾ ಮಾಡುವುದಾದರೆ ಮಾಡಿ. ಮೊಬೈಲ್ ಚಾರ್ಜರಿನ ದಾರದಂಥ ವೈರ್ ಸುಲಿಯುತ್ತಾ ಕೂರುವುದು ನನ್ನ ಪ್ರಕಾರ ವ್ಯರ್ಥ, ಹಾಗೇ ಕೊಟ್ಟುಬಿಡಿ. ಹೊದಿಕೆ ಸಮೇತ ಕೇಬಲನ್ನೂ ಯಾರ್ಡಿನವರು ತೆಗೆದುಕೊಳ್ಳುತ್ತಾರೆ, ಬೆಲೆ ಕಡಿಮೆ ಅಷ್ಟೆ. ಆದರೆ ದಯವಿಟ್ಟು ಹಿತ್ತಲಲ್ಲಿ ಬೆಂಕಿ ಹಾಕಿ ಪ್ಲಾಸ್ಟಿಕ್ ಸುಡಬೇಡಿ. ಪಿವಿಸಿ ಸುಟ್ಟರೆ ಡೈಯಾಕ್ಸಿನ್‌ನಂಥ ವಿಷ ಹೊರಬರುತ್ತದೆ, ಜೊತೆಗೆ ಲೋಹಕ್ಕಾಗಿ ಕೇಬಲ್ ಸುಡುವುದನ್ನು 1993ರ ಕ್ಲೀನ್ ಏರ್ ಕಾಯಿದೆ ಅಪರಾಧವೆಂದೇ ಹೆಸರಿಸಿದೆ. ಸುಟ್ಟ ತಾಮ್ರ ಕಪ್ಪಾಗಿ ಬೆಲೆಯೂ ಇಳಿಯುತ್ತದೆ. ಇನ್ನೊಂದು ಮಾತು: ಹಳೇ ಟೆಲಿಫೋನ್ ಜಾಲ ಮುಚ್ಚಲು ಗೊತ್ತುಪಡಿಸಿದ ಗಡುವು 2027ರ ಜನವರಿ. ಲ್ಯಾಂಡ್‌ಲೈನ್ ಹೋಯಿತಲ್ಲ ಅಂತ ಹೊರಗಿನಿಂದ ಮಾಸ್ಟರ್ ಸಾಕೆಟ್ಟಿನ ತನಕ ಬರುವ ತಂತಿಯನ್ನು ಕತ್ತರಿಸಿ ಮಾರಬೇಡಿ. ಅದು ನಿಮ್ಮದಲ್ಲ, ಜಾಲದ ಮಾಲೀಕರದು.

ಮಾರುವ ಕಡೆ ಬರೋಣ. ಊರಿನಲ್ಲಿ "ಹಳೇ ಪೇಪರ್, ಹಳೇ ಕಬ್ಬಿಣಾ" ಎಂದು ಕೂಗುತ್ತಾ ಬರುವವನಿಗೆ ಕೊಟ್ಟು, ಆತ ಎಣಿಸಿದ ನೋಟನ್ನು ಸೆರಗಿಗೆ ಕಟ್ಟಿಕೊಂಡು ರೂಢಿ. ಇಲ್ಲಿ ನೋಟು ಇಲ್ಲ! ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಡಿಸೆಂಬರಿನಿಂದ ಗುಜರಿ ಲೋಹಕ್ಕೆ ನಗದು ಕೊಡುವುದಕ್ಕೆ ತಡೆ ಬಂತು, 2013ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಸ್ಕ್ರ್ಯಾಪ್ ಮೆಟಲ್ ಡೀಲರ್ಸ್ ಕಾಯಿದೆ ಅದನ್ನು ಬಿಗಿ ಮಾಡಿತು. ವ್ಯಾನಿನಲ್ಲಿ ಬೀದಿ ಸುತ್ತುವವರಿಗೂ ಇದೇ ಕಟ್ಟು. ಹಣ ಬ್ಯಾಂಕ್ ಖಾತೆಗೆ ಬರಬೇಕು, ಇಲ್ಲವೇ ಚೆಕ್.

ಇಷ್ಟು ಬಿಗಿ ಯಾಕೆ ಅಂದರೆ ಕಳ್ಳತನ. ರೈಲ್ವೆ ಸಿಗ್ನಲ್ ಕೇಬಲ್, ಚರ್ಚಿನ ಛಾವಣಿಯ ಸೀಸ ಯಾವುದನ್ನೂ ಬಿಟ್ಟಿರಲಿಲ್ಲ. 2005ರ ಡಿಸೆಂಬರಿನಲ್ಲಿ ಹರ್ಟ್‌ಫರ್ಡ್‌ಶೈರ್‌ನಲ್ಲಿ ಹೆನ್ರಿ ಮೂರ್ ಅವರ ಎರಡು ಟನ್ನಿಗೂ ಹೆಚ್ಚಿನ ಕಂಚಿನ ಶಿಲ್ಪವನ್ನೇ ಲಾರಿಗೆ ಎತ್ತಿ ಹಾಕಿಕೊಂಡು ಹೋದರು. ಮೂವತ್ತು ಲಕ್ಷ ಪೌಂಡ್ ಬೆಲೆಯ ಆ ಕೃತಿ ಕೇವಲ 1,500 ಪೌಂಡಿಗೆ ಗುಜರಿಯಾಗಿ ಹೋಗಿರಬೇಕೆಂದು ಪೊಲೀಸರು ಅಂದಾಜು ಮಾಡಿದರು. 2011ರ ಡಿಸೆಂಬರಿನಲ್ಲಿ ನಮ್ಮ ದಕ್ಷಿಣ ಲಂಡನ್ನಿನ ಡಲ್ವಿಚ್ ಪಾರ್ಕಿನಿಂದ ಬಾರ್ಬರಾ ಹೆಪ್‌ವರ್ತ್ ಅವರ ಶಿಲ್ಪ ಕಾಣೆಯಾಯಿತು. ಕಂಚೆಂದರೆ ತಾಮ್ರಕ್ಕೆ ತವರ ಸೇರಿಸಿದ್ದು. ಕರಗಿದ ಮೇಲೆ ಶಿಲ್ಪವೋ ನಲ್ಲಿಯೋ ಯಾರಿಗೆ ಗೊತ್ತು?

ಹಾಗಾಗಿ ಯಾರ್ಡಿನವರು ನಿಮ್ಮ ಗುರುತಿನ ಚೀಟಿ ಕೇಳಿದರೆ ಮುಖ ಸಿಂಡರಿಸಬೇಡಿ, ಕೇಳದೆ ಇದ್ದರೆ ಅನುಮಾನ ಪಡಿ. ವಿಳಾಸ ಇರುವ ಫೋಟೋ ಡ್ರೈವಿಂಗ್ ಲೈಸೆನ್ಸ್ ಒಂದೇ ಸಾಕು. ಪಾಸ್‌ಪೋರ್ಟ್ ಆದರೆ ಅದರ ಜೊತೆಗೆ ಮೂರು ತಿಂಗಳೊಳಗಿನ ಬ್ಯಾಂಕ್ ಸ್ಟೇಟ್‌ಮೆಂಟೋ ಗ್ಯಾಸ್, ಕರೆಂಟ್ ಬಿಲ್ಲೋ ಬೇಕು. ಈ ದಾಖಲೆಯನ್ನು ಅವರು ಮೂರು ವರ್ಷ ಇಡಬೇಕು. ಸುಳ್ಳು ಹೆಸರು ಅಥವಾ ವಿಳಾಸ ಕೊಟ್ಟರೆ ಕೊಟ್ಟವರ ಮೇಲೂ ಕೇಸು. ಯಾರ್ಡಿಗೆ ಕೌನ್ಸಿಲ್ ಕೊಟ್ಟ ಲೈಸೆನ್ಸ್ ಇರಬೇಕು, ಕಾಣುವ ಹಾಗೆ ಹಾಕಿರಬೇಕು. ಬೀದಿ ಸುತ್ತುವವರ ವ್ಯಾನಿನಲ್ಲೂ ಅದು ಕಾಣಬೇಕು, ಅದೂ ಕೊಟ್ಟ ಕೌನ್ಸಿಲಿನ ಸರಹದ್ದಿನೊಳಗೆ ಮಾತ್ರ ನಡೆಯುತ್ತದೆ. ಲೈಸೆನ್ಸ್ ಪಡೆದವರ ಪಟ್ಟಿ ಎನ್ವಿರಾನ್‌ಮೆಂಟ್ ಏಜೆನ್ಸಿಯ ಬಳಿ ಇದೆ, ಯಾರು ಬೇಕಾದರೂ ನೋಡಬಹುದು.

ಈಗ ಆ ಎಂಬತ್ತು ಪೌಂಡಿನ ಕಥೆ. ಸಿಲಿಂಡರಿನ ಜೊತೆಗೆ ಹಳೇ ಕಾರ್ಪೆಟ್, ಪ್ಲಾಸ್ಟರ್ ಚೂರು, ಹಲಗೆ ಎಲ್ಲ ಹೊತ್ತುಕೊಂಡು ಹೋದವರು ಬೆಲೆ ಬರುವುದನ್ನು ಇಟ್ಟುಕೊಂಡು, ಉಳಿದದ್ದನ್ನು ಯಾವುದೋ ಗಲ್ಲಿಯಲ್ಲಿ ಸುರಿದು ಹೋಗಿದ್ದರು. ಆ ರಾಶಿಯಲ್ಲಿ ನಮ್ಮ ಸ್ನೇಹಿತರ ಹೆಸರಿನ ಒಂದು ಲಕೋಟೆ. ಎರಡು ವಾರಕ್ಕೆ ಕೌನ್ಸಿಲಿನಿಂದ ಪತ್ರ ಬಂತು: ನಿಮ್ಮ ಮನೆಯ ಕಸ ಯಾರಿಗೆ ಕೊಟ್ಟಿರಿ, ಅವರಿಗೆ ಅನುಮತಿ ಇತ್ತೇ ಎಂದು ನೋಡಿದಿರಾ? ನೋಡಿರಲಿಲ್ಲ. ರಸೀದಿ ಇರಲಿಲ್ಲ, ನಗದು ಕೊಟ್ಟಿದ್ದರು, ವ್ಯಾನಿನ ನಂಬರೂ ಗೊತ್ತಿರಲಿಲ್ಲ. ಮನೆಯ ಕಸವನ್ನು ಅನುಮತಿ ಇದ್ದವರಿಗೇ ಒಪ್ಪಿಸುವುದು 1990ರ ಎನ್ವಿರಾನ್‌ಮೆಂಟಲ್ ಪ್ರೊಟೆಕ್ಷನ್ ಕಾಯಿದೆಯಂತೆ ಮನೆಯವರ ಹೊಣೆ. ಇದರಲ್ಲಿ ತಪ್ಪಿದರೆ ಕೌನ್ಸಿಲ್ ಹಾಕಬಹುದಾದ ಸ್ಥಳದಂಡದ ಮೇಲ್ಮಿತಿಯನ್ನು 2023ರ ಜುಲೈ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 400ರಿಂದ 600 ಪೌಂಡಿಗೆ ಏರಿಸಿದ್ದಾರೆ. ನಮ್ಮ ಸ್ನೇಹಿತರು ದಂಡ ಕಟ್ಟಿದರು. ಹಂಡೆ ಹೋಯಿತು, ಎಂಬತ್ತು ಹೋಯಿತು, ಮೇಲೆ ದಂಡ. ಅತ್ತೆಗೆ ಈ ಪತ್ರದ ವಿಷಯ ಇವತ್ತಿಗೂ ಹೇಳಿಲ್ಲವಂತೆ! ಆದ್ದರಿಂದ ಸಾಮಾನು ಒಯ್ಯುವವರ ವೇಸ್ಟ್ ಕ್ಯಾರಿಯರ್ ನೋಂದಣಿ ಸಂಖ್ಯೆ ಕೇಳಿ, ಏಜೆನ್ಸಿಯ ಪಟ್ಟಿಯಲ್ಲಿ ಹೋಲಿಸಿ, ರಸೀದಿ ತೆಗೆದುಕೊಳ್ಳಿ. ಊರಿನಿಂದ ಅಪ್ಪ ಅಮ್ಮ ಬಂದು ಹಗಲು ಮನೆಯಲ್ಲಿ ಒಬ್ಬರೇ ಇದ್ದರೆ, ಬಾಗಿಲು ತಟ್ಟಿ ಹಳೇ ಲೋಹ ಕೇಳುವವರಿಗೆ ಏನೂ ಕೊಡಬಾರದೆಂದು ಹೇಳಿಡಿ.

ಬೆಲೆ ನಿತ್ಯ ಏರಿಳಿಯುತ್ತದೆ. ಅದು ನಿಗದಿಯಾಗುವುದೂ ನಮ್ಮ ಲಂಡನ್ನಿನಲ್ಲೇ ಅನ್ನುವುದು ಒಂದು ಸೊಗಸು. 1877ರಲ್ಲಿ ಶುರುವಾದ ಲಂಡನ್ ಮೆಟಲ್ ಎಕ್ಸ್‌ಚೇಂಜ್ 2016ರಿಂದ ಫಿನ್ಸ್‌ಬರಿ ಸ್ಕ್ವೇರಿನಲ್ಲಿದೆ. ಅಲ್ಲಿ ದುಂಡಗೆ ಹಾಕಿದ ಕೆಂಪು ಸೋಫಾಗಳ ಮೇಲೆ ಕೂತು ಕೂಗಿ ವ್ಯಾಪಾರ ಮಾಡುವ ಪದ್ಧತಿ ಇಂದಿಗೂ ಉಳಿದಿದೆ. ಮೂರು ತಿಂಗಳ ಮುಂಗಡ ಬೆಲೆ ಅಲ್ಲಿನ ಮುಖ್ಯ ಲೆಕ್ಕ. ಹಿಂದೆ ಚಿಲಿ ದೇಶದಿಂದ ತಾಮ್ರದ ಹಡಗು ಇಲ್ಲಿಗೆ ಬರಲು ಅಷ್ಟು ಸಮಯ ಹಿಡಿಯುತ್ತಿತ್ತಂತೆ. 2002ರಲ್ಲಿ ಟನ್ನಿಗೆ 2,000 ಡಾಲರಿಗಿಂತ ಕಡಿಮೆ ಇದ್ದ ತಾಮ್ರ 2024ರ ಮೇ ತಿಂಗಳಲ್ಲಿ 11,000 ದಾಟಿತ್ತು. ಬೆಂಗಳೂರಿನ ಗುಜರಿ ಅಂಗಡಿಯವನು ಹೇಳುವ ದರದ ಬೇರೂ ಕೊನೆಗೆ ಇಲ್ಲಿಗೇ ಬರುತ್ತದೆ. ಯಾರ್ಡಿನವರು ಸಾಗಣೆ, ಕರಗಿಸುವ ಖರ್ಚು, ತಮ್ಮ ಲಾಭ ಕಳೆದು ದರ ಹೇಳುತ್ತಾರೆ. ಎರಡು ಮೂರು ಕಡೆ ಫೋನ್ ಮಾಡಿ ಅವತ್ತಿನ ದರ ಕೇಳಿ. ಕೌನ್ಸಿಲಿನ ಮರುಬಳಕೆ ಕೇಂದ್ರಕ್ಕೆ ಹಾಕಿದರೂ ತಾಮ್ರ ಮತ್ತೆ ಕರಗಿ ಹೊಸದಾಗುತ್ತದೆ, ನಿಮಗೆ ದುಡ್ಡು ಬರುವುದಿಲ್ಲ ಅಷ್ಟೆ. ಒಂದೆರಡು ಕಿಲೋಗಾಗಿ ಪೆಟ್ರೋಲ್ ಸುಟ್ಟುಕೊಂಡು ಯಾರ್ಡಿಗೆ ಹೋಗುವುದಕ್ಕಿಂತ ನಾನಾದರೆ ಅದನ್ನೇ ಮಾಡುತ್ತೇನೆ, ಅಥವಾ ನಾಲ್ಕು ಮನೆಯವರು ಸೇರಿ ಕೂಡಿಹಾಕಿ ಒಂದೇ ಸಲ ಒಯ್ಯುವುದು.

ಹೀಗೆ ಕೂಡಿಹಾಕುವಾಗ ದೇವರ ಮನೆಯ ತಟ್ಟೆ, ಪಂಚಪಾತ್ರೆ ಉದ್ಧರಣೆ, ಅಜ್ಜಿ ಕೊಟ್ಟ ತಂಬಿಗೆ ಆ ಬಕೆಟ್ಟಿಗೆ ಬೀಳದಂತೆ ನೋಡಿಕೊಳ್ಳಿ. 300 ಗ್ರಾಂ ತಂಬಿಗೆಗೆ, ನಮ್ಮ ಮೇಲಿನ ಲೆಕ್ಕದಲ್ಲಿ, ಸಿಗುವುದು ಒಂದೂವರೆ ಪೌಂಡ್. ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು ಕೊರೆದಿರುತ್ತದೆ, ಒಮ್ಮೆ ಬೆಳಗಿ ಓದಿ. ಒಳಗಿನ ಕಲಾಯಿ ಹೋಗಿದೆ ಎನ್ನುವುದು ಕಾರಣವಾದರೆ, ಈ ದೇಶದಲ್ಲೂ ಕಲಾಯಿ ಹಾಕಿಕೊಡುವವರಿದ್ದಾರೆ. ಫ್ರೆಂಚ್ ಅಡಿಗೆಯವರ ತಾಮ್ರದ ಬಾಣಲೆಗೆ ಹಾಕುವ ಅದೇ ತವರ, ಕೂಲಿ ಮಾತ್ರ ಊರಿನದಲ್ಲ.

ಯಾರ್ಡಿಗೆ ಹೋಗುವ ದಿನ ಗಟ್ಟಿ ಶೂ, ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಕಾರಿನಿಂದ ಇಳಿಸಬೇಡಿ. ಕ್ರೇನು, ಲಾರಿ ಓಡಾಡುವ ಜಾಗ. ತೂಕ ಮಾಡುವಾಗ ತಕ್ಕಡಿಯ ಅಂಕಿ ನೀವೂ ನೋಡಿ, ದರ್ಜೆವಾರು ತೂಕ ಬರೆದ ಚೀಟಿ ಕೇಳಿ ಪಡೆಯಿರಿ, ಬ್ಯಾಂಕಿನ ಸಾರ್ಟ್ ಕೋಡ್ ಬರೆದುಕೊಂಡು ಹೋಗಿ. ಶನಿವಾರವಾದರೆ ಬೆಳಗ್ಗೆಯೇ ಹೊರಡಿ, ಅವತ್ತು ಮಧ್ಯಾಹ್ನಕ್ಕೇ ಬಾಗಿಲು ಹಾಕುವ ಯಾರ್ಡುಗಳು ಬಹಳ.